ಬಾಸ್ ಹೆಡ್‌ಫೋನ್ ಕೊಳ್ಳುವ ಮುನ್ನ ಅಂಗೈಯಿಂದ ಒಮ್ಮೆ ಒತ್ತಿ ನೋಡಿ

ನಮಸ್ಕಾರ ಮೇಷ್ಟ್ರೇ,

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಸಾಗರದಿಂದ ಶಿವಮೊಗ್ಗಕ್ಕೆ ದಿನವೂ ಬಸ್ಸಿನಲ್ಲಿ ಓಡಾಟ. ನೀವು ಕೇಳುವುದು ಯಕ್ಷಗಾನ ಮತ್ತು ಕಛೇರಿಗಳ ಧ್ವನಿಮುದ್ರಣ, ಮನೆಯಲ್ಲಿ ಅದೇ ಹೆಡ್‌ಫೋನ್‌ನಲ್ಲಿ ಮಗನಿಗೆ ಹೊಸ ಹಾಡುಗಳ ಬಾಸ್, ಅಂದರೆ ಕೆಳಸ್ವರಗಳ ಗುಮ್ಮು, ಬೇಕು. ನಿಮಗೆ ಕನ್ನಡಕ ಇದೆ. ಬೆಲೆ ಮೂರು ಸಾವಿರ ದಾಟಬಾರದು. ನೀವು ನೋಡಿಟ್ಟ ಪಟ್ಟಿಯಲ್ಲಿ ಸೋನಿಯದೊಂದು ಇದೆ. ಅಂಗಡಿಯವರು 50 ಮಿಲಿಮೀಟರ್ ಡ್ರೈವರ್ (ಕಪ್‌ನೊಳಗೆ ಸದ್ದು ಹುಟ್ಟಿಸುವ ಭಾಗ) ಇರುವುದೊಂದನ್ನು ತೋರಿಸಿ ‘ಇದರಲ್ಲಿ ಬಾಸ್ ಹೆಚ್ಚು’ ಎಂದಿದ್ದಾರೆ, ಕೊಳ್ಳಬಹುದೇ ಎಂದು ಕೇಳಿದ್ದೀರಿ.

ಆ ಒಂದು ಅಂಕಿ ನೋಡಿ ಕೊಳ್ಳಬೇಡಿ. ಅಂಗಡಿಗೆ ಇನ್ನೊಮ್ಮೆ ಹೋಗಿ, ಕನ್ನಡಕ ಹಾಕಿಕೊಂಡೇ ಹೆಡ್‌ಫೋನ್ ತಲೆಗೇರಿಸಿ, ನಿಮಗೆ ಚೆನ್ನಾಗಿ ಗೊತ್ತಿರುವ ಹಾಡೊಂದನ್ನು ಹಚ್ಚಿ. ಹಾಡು ನಡೆಯುತ್ತಿರುವಾಗ ಎರಡೂ ಕಪ್‌ಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿ. ಒತ್ತಿದ ಕೂಡಲೇ ಬಾಸ್ ಥಟ್ಟನೆ ಏರಿ, ಕೈ ಬಿಟ್ಟಾಗ ಮತ್ತೆ ಇಳಿದರೆ, ಆ ಹೆಡ್‌ಫೋನ್ ನಿಮ್ಮ ಕಿವಿಯ ಸುತ್ತ ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲ ಎಂದು ತಿಳಿಯಿರಿ. ಒತ್ತಿದಾಗಲೂ ಬಿಟ್ಟಾಗಲೂ ಹೆಚ್ಚು ವ್ಯತ್ಯಾಸ ಇಲ್ಲದಿದ್ದರೆ ಮಾತ್ರ ಮುಂದಿನ ಪರೀಕ್ಷೆಗೆ ಹೋಗಬಹುದು.

ಇದಕ್ಕೆ ಕಾರಣ ಸರಳವಾಗಿದೆ. ಕೆಳಸ್ವರಗಳು ನಮಗೆ ಕೇಳಿಸುವುದು ಡ್ರೈವರಿನ ಅದುರುವ ಪೊರೆಗೂ ಕಿವಿಗೂ ನಡುವೆ ಸಿಕ್ಕಿಕೊಂಡ ಗಾಳಿಯ ಒತ್ತಡ ಏರಿ ಇಳಿಯುವುದರಿಂದ. ಮೆತ್ತೆಯ ಅಂಚಿನಲ್ಲಿ ಸಣ್ಣ ಸಂದು ಉಳಿದರೂ ಆ ಒತ್ತಡ ಸೋರಿ ಹೋಗುತ್ತದೆ. ಶ್ರುತಿಪೆಟ್ಟಿಗೆಯ ತಿದಿಗೆ ತೂತು ಬಿದ್ದರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮೇಲಿನ ಸ್ವರಗಳಿಗೆ ಈ ಸಂದಿನಿಂದ ಅಷ್ಟು ತೊಂದರೆ ಆಗುವುದಿಲ್ಲ. ಹಾಗಾಗಿ ಸೋರುವ ಹೆಡ್‌ಫೋನ್ ತೆಳುವಾಗಿ, ಕಿರುಚಿದಂತೆ ಕೇಳುತ್ತದೆ. ಒಂದೇ ಹೆಡ್‌ಫೋನ್ ಬಗ್ಗೆ ಒಬ್ಬರು ‘ಬಾಸ್ ಅದ್ಭುತ’ ಎಂದೂ ಇನ್ನೊಬ್ಬರು ‘ಬಾಸೇ ಇಲ್ಲ’ ಎಂದೂ ಬರೆಯುವುದಕ್ಕೆ ದೊಡ್ಡ ಕಾರಣ ಇದು. ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ, ತಲೆಯ ಆಕಾರ ಬೇರೆಯಾಗಿರುತ್ತದೆ ಅಷ್ಟೆ.

ಡ್ರೈವರ್ ಅಳತೆಯ ಬಗ್ಗೆ ಒಂದು ಅನುಭವ. ಕೆಟ್ಟ ಹೆಡ್‌ಫೋನ್‌ಗಳನ್ನು ಬಿಚ್ಚಿ ಸರಿಪಡಿಸುವುದು ನನ್ನ ಬಹುಕಾಲದ ಹವ್ಯಾಸ. ಒಮ್ಮೆ ಪರಿಚಯದವರು ತಂದುಕೊಟ್ಟದ್ದರ ಪೆಟ್ಟಿಗೆಯ ಮೇಲೆ 50 ಮಿಲಿಮೀಟರ್ ಎಂದು ದಪ್ಪಕ್ಷರದಲ್ಲಿತ್ತು. ಒಳಗೆ ಕ್ಯಾಲಿಪರ್ ಇಟ್ಟು ನೋಡಿದರೆ ಪೊರೆ 40 ಮಿಲಿಮೀಟರ್, ಸುತ್ತಲಿನ ಪ್ಲಾಸ್ಟಿಕ್ ಬಳೆಯನ್ನೂ ಸೇರಿಸಿದರೆ 50! ನಿಜವಾಗಿ 50 ಇದ್ದರೂ ಒಳ್ಳೆಯ ಬಾಸ್ ಬರುತ್ತದೆ ಎನ್ನುವ ಖಾತರಿ ಇಲ್ಲ. ಪೊರೆಯ ಹಿಂದಿನ ಗಾಳಿಯ ಜಾಗ, ಕಪ್‌ನಲ್ಲಿರುವ ಸಣ್ಣ ತೂತುಗಳು, ಆ ತೂತುಗಳ ಮೇಲೆ ಅಂಟಿಸಿದ ಕಾಗದದಂಥ ತೆಳು ಹಾಳೆ, ಮೆತ್ತೆಯ ದಪ್ಪ ಇವೆಲ್ಲ ಸೇರಿ ಬಾಸನ್ನು ನಿರ್ಧರಿಸುತ್ತವೆ. ಕಾಸ್ ಕಂಪನಿಯ ಪೋರ್ಟಾ ಪ್ರೊ 1984ರಲ್ಲಿ ಬಂದದ್ದು. ಅದು ಪುಟ್ಟದಾಗಿದೆ, ಕಿವಿಯ ಮೇಲೆ ಬರಿಯ ಸ್ಪಂಜು ಕೂರುತ್ತದೆ, ಹಿಂಬದಿ ತೆರೆದಿದೆ. ಆದರೂ ತುಂಬಿದ ಬಾಸ್‌ಗಾಗಿಯೇ ಜನ ಇಂದಿಗೂ ಅದನ್ನು ಕೊಳ್ಳುತ್ತಾರೆ, ಏಕೆಂದರೆ ಸೋರಿಕೆಯನ್ನು ಲೆಕ್ಕಕ್ಕೆ ಹಿಡಿದೇ ಅದನ್ನು ಶ್ರುತಿ ಮಾಡಿದ್ದಾರೆ. ಬಸ್ಸಿಗೆ ಮಾತ್ರ ಅದು ಆಗದು, ಹೊರಗಿನ ಸದ್ದೆಲ್ಲ ಒಳಗೆ ಬರುತ್ತದೆ. ಪೆಟ್ಟಿಗೆಯ ಮೇಲಿನ ‘20–20,000 ಹರ್ಟ್ಸ್’ ಎನ್ನುವ ಸ್ವರವ್ಯಾಪ್ತಿಯನ್ನಂತೂ ಓದಲೇಬೇಡಿ (ಹರ್ಟ್ಸ್ ಎಂದರೆ ಸ್ವರದ ಎತ್ತರದ ಅಳತೆ, ಅಂಕಿ ಸಣ್ಣದಾದಷ್ಟೂ ಸ್ವರ ಕೆಳಗೆ). ಆ ವ್ಯಾಪ್ತಿಯೊಳಗೆ ಎಷ್ಟು ಡೆಸಿಬೆಲ್ ಏರುಪೇರು ಇದೆ ಎಂದು ಹೇಳದಿದ್ದರೆ ಆ ಅಂಕಿಗೆ ಅರ್ಥವೇ ಇಲ್ಲ.

ಈಗ ಬಾಸ್‌ನ ಗುಣ. ಅಗ್ಗದ ಬಾಸ್ ಹೆಡ್‌ಫೋನ್‌ಗಳ ದೊಡ್ಡ ದೋಷ ಎಂದರೆ 60 ಹರ್ಟ್ಸ್ ಸುತ್ತ ಇರಬೇಕಾದ ಬಾಸ್‌ನ ಉಬ್ಬು 150, 200, ಕೆಲವೊಮ್ಮೆ 250ರವರೆಗೂ ಹರಡಿಕೊಂಡಿರುವುದು. ಗಂಡು ದನಿಯ ಮೂಲಸ್ವರ ಮಾತಿನಲ್ಲಿ ಸುಮಾರು 85ರಿಂದ 180 ಹರ್ಟ್ಸ್ ನಡುವೆ ಇರುತ್ತದೆ. ಉಬ್ಬು ಅಲ್ಲಿಗೆ ಬಂತೆಂದರೆ ಹಾಡುವವರು ಕಂಬಳಿ ಹೊದ್ದು ಹಾಡಿದಂತೆ ಕೇಳುತ್ತದೆ. ಜೊತೆಗೆ, ಜೋರಾದ ಕೆಳಸ್ವರ ತನಗಿಂತ ಮೇಲಿನ ಸ್ವರಗಳನ್ನು ಮುಚ್ಚಿಹಾಕುವುದು ನಮ್ಮ ಕಿವಿಯ ಸ್ವಭಾವ. ಬಾಸ್ ಎಷ್ಟು ಜೋರಾಗಿದೆ ಎಂದು ಎಲ್ಲರೂ ನೋಡುತ್ತಾರೆ. ಅದು ಎಲ್ಲಿ ನಿಲ್ಲುತ್ತದೆ ಎಂದು ನೀವು ನೋಡಬೇಕು.

ನೋಡುವುದು ಹೇಗೆ ಎಂದರೆ, ನಿಮ್ಮ ಸಂಗ್ರಹದಲ್ಲೇ ಬೇಕಾದ ಸಾಮಗ್ರಿ ಇದೆ. ಮೃದಂಗದ ತನಿ ಆವರ್ತನ (ತಾಳವಾದ್ಯವೊಂದೇ ನುಡಿಯುವ ಭಾಗ) ಇರುವ ಒಂದು ಕಛೇರಿ ತೆಗೆದುಕೊಳ್ಳಿ. ಎಡಬದಿಯ ತೊಪ್ಪಿಗೆ ರವೆ ಮೆತ್ತಿರುವುದರಿಂದ ಅಲ್ಲಿ ಹುಟ್ಟುವ ಗುಂಕಿ ಎಂಬ ಜಾರುವ ನಾದಕ್ಕೆ ಆರಂಭ, ಜಾರಿಕೆ, ಕೊನೆ ಎಂದು ಮೂರು ಹಂತ ಇರುತ್ತದೆ. ಒಳ್ಳೆಯ ಹೆಡ್‌ಫೋನ್‌ನಲ್ಲಿ ಆ ಮೂರೂ ಕೇಳುತ್ತವೆ. ಸ್ವರ ಜಾರುವುದು ಕಿವಿಗೆ ಗೊತ್ತಾಗುತ್ತದೆ, ಕಾಲ ಹೆಚ್ಚಿದಾಗಲೂ ಒಂದು ಪೆಟ್ಟು ಮುಗಿದ ಮೇಲೆ ಇನ್ನೊಂದು ಬರುತ್ತದೆ. ಕಳಪೆಯದರಲ್ಲಿ ಎಲ್ಲ ಗುಂಕಿಗಳೂ ಒಂದೇ ಸ್ವರದ ‘ಧಂ’ ಆಗಿ ಒಂದರ ಮೇಲೊಂದು ರಾಶಿ ಬೀಳುತ್ತವೆ. ಈ ಒಂದು ಪರೀಕ್ಷೆಯ ಮೇಲೆ ನನಗೆ ತುಂಬ ನಂಬಿಕೆ ಇದೆ, ಸುಮ್ಮನೆ ಜೋರಾಗಿ ಗುಮ್ಮುವ ಎಷ್ಟೋ ಹೆಡ್‌ಫೋನ್‌ಗಳು ಇಲ್ಲೇ ಸೋತಿವೆ.

ಆಮೇಲೆ ಯಕ್ಷಗಾನ. ಏರು ಪದ್ಯವೊಂದರಲ್ಲಿ ಚೆಂಡೆ, ಮದ್ದಳೆ ಎರಡೂ ಸೇರಿದಾಗ ಭಾಗವತರ ಸಾಹಿತ್ಯ ಅಕ್ಷರ ಅಕ್ಷರವಾಗಿ ಸಿಗುತ್ತದೆಯೇ ಎಂದು ನೋಡಿ. ನಿಮಗೆ ಬಾಯಿಪಾಠ ಇಲ್ಲದ ಪದ್ಯವನ್ನೇ ಆರಿಸಿಕೊಳ್ಳಿ, ಗೊತ್ತಿರುವ ಪದಗಳನ್ನು ಮನಸ್ಸು ತಾನೇ ತುಂಬಿಕೊಂಡುಬಿಡುತ್ತದೆ. ಚೆಂಡೆಯ ಪೆಟ್ಟು ಕಿವಿಯಲ್ಲಿ ಸೂಜಿಯಂತೆ ಚುಚ್ಚಿದರೆ ಅದೂ ದೋಷವೇ. ಬಾಸ್ ಹೆಚ್ಚಿಸಿದ ತಯಾರಕರು ಹಲವು ಸಲ ‘ಸ್ಪಷ್ಟತೆ’ಗಾಗಿ ಮೇಲಿನ ತುದಿಯನ್ನೂ ಎತ್ತಿರುತ್ತಾರೆ, ನಡುವೆ ಇರುವ ಮನುಷ್ಯರ ದನಿ ಹಳ್ಳಕ್ಕೆ ಬೀಳುತ್ತದೆ. ಅಂಗಡಿಯ ಎರಡು ನಿಮಿಷದಲ್ಲಿ ಅದು ಥಳಥಳ ಹೊಳೆಯುವಂತೆ ಕೇಳುತ್ತದೆ, ಮನೆಯಲ್ಲಿ ಒಂದು ಗಂಟೆ ಕೇಳಿದರೆ ತಲೆ ಹಿಡಿದುಕೊಳ್ಳುತ್ತದೆ.

ನಿಮ್ಮ ಮಗ ಕೇಳುವ ಹಾಡುಗಳಿಗೆ ಬೇರೆ ಪರೀಕ್ಷೆ ಬೇಕು. ಬಾಸ್ ಗಿಟಾರ್‌ನ ದಪ್ಪ ತಂತಿ ನುಡಿಯುವುದು ಸುಮಾರು 41 ಹರ್ಟ್ಸ್‌ನಲ್ಲಿ, ಯಂತ್ರದಲ್ಲಿ ಹುಟ್ಟಿಸಿದ ಬಾಸ್ ಅದಕ್ಕಿಂತಲೂ ಕೆಳಗೆ ಇಳಿಯುತ್ತದೆ. ಮೊಬೈಲ್‌ಗೆ ಟೋನ್ ಜನರೇಟರ್ ಮಾದರಿಯ ಉಚಿತ ಆ್ಯಪ್‌ಗಳು ಸಿಗುತ್ತವೆ. ವಾಲ್ಯೂಮ್ ಕಡಿಮೆ ಇಟ್ಟು 200 ಹರ್ಟ್ಸ್‌ನಿಂದ ನಿಧಾನವಾಗಿ ಕೆಳಗೆ ಇಳಿಸಿ. ಸ್ವರ ಇಳಿಯುತ್ತಲೇ ಹೋಗಬೇಕು. 40ರ ಹತ್ತಿರ ಬಂದಾಗ ಇಳಿಯುವುದು ನಿಂತು, ಬದಲಿಗೆ ಮೇಲಿನದೊಂದು ಸ್ವರ ಕೇಳತೊಡಗಿದರೆ ಪೊರೆ ಸೋತು ವಿರೂಪ ಹುಟ್ಟುತ್ತಿದೆ ಎಂದರ್ಥ. ಮೆಲ್ಲಗೆ ಸದ್ದಡಗಿದರೆ ಪರವಾಗಿಲ್ಲ, ಅದು ಪ್ರಾಮಾಣಿಕ ಹೆಡ್‌ಫೋನ್. ನಡುವೆ ಎಲ್ಲೋ ಝರ್ ಎಂದು ಪ್ಲಾಸ್ಟಿಕ್ ಅದುರಿದರೆ ಹಿಂದಿರುಗಿಸಿ. ಒಂದು ಕೂದಲು ಪೊರೆಗೆ ತಾಗಿದ್ದರೂ ಹೀಗೇ ಆಗುತ್ತದೆ, ಹಾಗಾಗಿ ಮೊದಲು ಮೆತ್ತೆಯೊಳಗೆ ಇಣುಕಿ ನೋಡಿ. ಇಳಿಸುವಾಗ ಸದ್ದು ಎರಡೂ ಕಿವಿಗಳ ನಡುವೆ, ತಲೆಯ ಮಧ್ಯದಲ್ಲೇ ನಿಂತಿರಬೇಕು, ಒಂದು ಬದಿಗೆ ವಾಲಬಾರದು.

ಎರಡು ಹೆಡ್‌ಫೋನ್‌ಗಳನ್ನು ಹೋಲಿಸುವಾಗ ಎರಡರ ಸದ್ದೂ ಒಂದೇ ಮಟ್ಟದಲ್ಲಿರಲಿ. ಸಣ್ಣ ಸದ್ದಿನಲ್ಲಿ ನಮ್ಮ ಕಿವಿಗೆ ಕೆಳಸ್ವರ ಕಡಿಮೆ ಕೇಳುತ್ತದೆ, ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಆದ್ದರಿಂದ ಸ್ವಲ್ಪ ಜೋರಾಗಿ ನುಡಿಯುವ ಹೆಡ್‌ಫೋನ್‌ಗೆ ಬಾಸೂ ಹೆಚ್ಚು, ಗುಣವೂ ಹೆಚ್ಚು ಎಂಬ ಭ್ರಮೆ ಹುಟ್ಟುತ್ತದೆ. ಮಾತಿನ ಧ್ವನಿಮುದ್ರಣವೊಂದನ್ನು ಹಚ್ಚಿ, ಎರಡರಲ್ಲೂ ದನಿ ಒಂದೇ ಅಳತೆಯಲ್ಲಿ ಕೇಳುವಂತೆ ಮಾಡಿಕೊಂಡು ಆಮೇಲೆ ಸಂಗೀತಕ್ಕೆ ಹೋಗಿ.

ಬಸ್ಸಿನ ವಿಷಯ ಮುಖ್ಯವಾದದ್ದು. ಎಂಜಿನ್ನಿನ ಗುಂಯ್‌ಗುಡುವಿಕೆ ಕೆಳಸ್ವರಗಳ ಜಾಗದಲ್ಲೇ ಕೂತಿರುತ್ತದೆ, ಹಾಡಿನ ಬಾಸನ್ನು ನುಂಗುತ್ತದೆ. ಬಸ್ಸಿನಲ್ಲಿ ಹದವಾಗಿ ಕೇಳಿದ ಹೆಡ್‌ಫೋನ್ ರಾತ್ರಿ ಮನೆಯಲ್ಲಿ ಅತಿಯಾಗಿ ಗುಮ್ಮುವುದು ಇದರಿಂದಲೇ. ಎರಡು ಕಡೆಗೂ ಒಂದೇ ಬೇಕೆಂದರೆ ಮನೆಯಲ್ಲಿ ಹದವಾಗಿರುವುದನ್ನು ಕೊಂಡು, ಬಸ್ಸಿಗೆ ಈಕ್ವಲೈಸರ್‌ನಲ್ಲಿ (ಬೇರೆ ಬೇರೆ ಎತ್ತರದ ಸ್ವರಗಳನ್ನು ಏರಿಸಿ ಇಳಿಸುವ ಸೌಲಭ್ಯ) 60 ಹರ್ಟ್ಸ್ ಪಟ್ಟಿಯನ್ನು ಮೂರು ನಾಲ್ಕು ಡೆಸಿಬೆಲ್ ಏರಿಸಿಕೊಳ್ಳಿ. ಉಬ್ಬಿದ್ದನ್ನು ಕೊಂಡಿದ್ದರೆ 200ರ ಸುತ್ತ ಅಷ್ಟೇ ಇಳಿಸಿದರೆ ದನಿ ಬಿಡಿಸಿಕೊಂಡು ಹೊರಗೆ ಬರುತ್ತದೆ. ಸದ್ದು ತಗ್ಗಿಸುವ ಎಎನ್‌ಸಿ ವ್ಯವಸ್ಥೆ ಕೆಲಸ ಮಾಡುವುದೂ ಈ ಎಂಜಿನ್ ಸದ್ದಿನಂಥ ಕೆಳಸ್ವರಗಳ ಮೇಲೆಯೇ. ಆದರೆ ನಿಮ್ಮ ಬೆಲೆಯಲ್ಲಿ ಎಎನ್‌ಸಿ ಎಂಬ ಹೆಸರಿಗಿಂತ ಚೆನ್ನಾಗಿ ಮುಚ್ಚುವ ದಪ್ಪ ಮೆತ್ತೆಗೆ ನಾನು ಹಣ ಕೊಡುತ್ತೇನೆ. ಬಸ್ಸಿನ ಸದ್ದನ್ನು ಗೆಲ್ಲಲು ವಾಲ್ಯೂಮ್ ಏರಿಸುತ್ತಾ ಹೋಗುವುದು ಮಾತ್ರ ಬೇಡ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಸದ್ದು ಏರಿದಂತೆ ಆ ಗಂಟೆಗಳು ಬೇಗ ಕರಗುತ್ತವೆ.

ಕನ್ನಡಕ ಇರುವವರಿಗೆ ಎರಡು ತೊಂದರೆಗಳಿವೆ. ಕಿವಿಯನ್ನು ಪೂರ್ತಿ ಸುತ್ತುವ ಹೆಡ್‌ಫೋನ್‌ನಲ್ಲಿ ಕನ್ನಡಕದ ಕಡ್ಡಿ ಮೆತ್ತೆಯ ಕೆಳಗೆ ಹಾದುಹೋಗಿ ಸಂದು ಮಾಡುತ್ತದೆ, ಬಾಸ್ ಸೋರುತ್ತದೆ. ಕಿವಿಯ ಮೇಲೆ ಕೂರುವುದಾದರೆ ಕಿವಿಯ ಹಾಲೆಯನ್ನೇ ಕಡ್ಡಿಗೆ ಒತ್ತುತ್ತದೆ, ಅರ್ಧ ಗಂಟೆಯಲ್ಲಿ ನೋವು ಶುರುವಾಗುತ್ತದೆ. ಮೊದಲನೆಯದಕ್ಕೆ ಪರಿಹಾರ ಇದೆ: ದಪ್ಪವಾದ, ಒತ್ತಿದರೆ ನಿಧಾನವಾಗಿ ಮೇಲೇಳುವ ಮೆತ್ತೆ ಕಡ್ಡಿಯ ಸುತ್ತ ತಾನೇ ಕುಳಿತುಕೊಳ್ಳುತ್ತದೆ. ಎರಡನೆಯದಕ್ಕೆ ನನಗೆ ಪರಿಹಾರ ಸಿಕ್ಕಿಲ್ಲ. ನಿಮ್ಮ ಪಟ್ಟಿಯಲ್ಲಿರುವ ಸೋನಿಯ ಡಬ್ಲ್ಯುಎಚ್-ಸಿಎಚ್520 ಬರೀ 147 ಗ್ರಾಂ, ಡ್ರೈವರ್ 30 ಮಿಲಿಮೀಟರ್ ಆದರೂ ದನಿ ಸ್ಪಷ್ಟ. ಕಂಪನಿಯ ಆ್ಯಪ್‌ನಲ್ಲಿ ಈಕ್ವಲೈಸರ್ ಕೂಡ ಇದೆ. ಆದರೆ ಅದು ಕಿವಿಯ ಮೇಲೆ ಕೂರುವಂಥದ್ದು, ತಂತಿ ಚುಚ್ಚುವ ಕಿಂಡಿಯೂ ಇಲ್ಲ. ಮಗನಿಗೆ ಒಪ್ಪಬಹುದು, ದಿನವೂ ಅಷ್ಟು ದೂರ ಕನ್ನಡಕದೊಂದಿಗೆ ಹೋಗುವ ನಿಮಗೆ ನಾನು ಹೇಳಲಾರೆ.

ಹಾಕಿಕೊಂಡಾಗಿನ ಆರಾಮವನ್ನು ಎರಡು ನಿಮಿಷದಲ್ಲಿ ಅಳೆಯಲಾಗದು. ಅಂಗಡಿಯವರು ಒಪ್ಪಿದರೆ ಕಾಲು ಗಂಟೆ ಹಾಕಿಕೊಂಡೇ ಇರಿ, ಮನೆಗೆ ತರಿಸಿಕೊಂಡರೆ ಹಿಂದಿರುಗಿಸುವ ಅವಧಿಯೊಳಗೆ ಒಂದು ಪೂರ್ತಿ ತಾಳಮದ್ದಳೆ ಕೇಳಿ. ಮೂರು ಕಡೆ ಗಮನ ಇರಲಿ: ನೆತ್ತಿ, ದವಡೆಯ ಕೀಲು, ಕಿವಿಯ ತುದಿ. ಕಪ್ ಆಳ ಇಲ್ಲದಿದ್ದರೆ ಕಿವಿಯ ತುದಿ ಒಳಗಿನ ಬಟ್ಟೆಗೆ ತಾಗಿ ಉರಿಯುತ್ತದೆ. ತೂಕ 250 ಗ್ರಾಂ ಒಳಗಿರಲಿ. ಬಿಗಿ ಹೆಚ್ಚಾಗಿದ್ದರೆ ತಲೆಯ ಅಗಲಕ್ಕಿಂತ ಸ್ವಲ್ಪವೇ ಹೆಚ್ಚಿರುವ ಪುಸ್ತಕದ ಕಟ್ಟಿಗೆ ಒಂದು ರಾತ್ರಿ ತೊಡಿಸಿಡಿ, ಸಡಿಲಾಗುತ್ತದೆ. ಹೆಚ್ಚು ಸಡಿಲ ಮಾಡಿದರೆ ಮತ್ತೆ ಸೋರಿಕೆ. ‘ನೂರು ಗಂಟೆ ನುಡಿಸಿದರೆ ಸದ್ದು ಸುಧಾರಿಸುತ್ತದೆ’ ಎಂಬ ಮಾತನ್ನು ನಂಬಿ ಕಾಯಬೇಡಿ. ಮೆತ್ತೆ ಮೆದುವಾಗುತ್ತದೆ, ಕಿವಿ ಒಗ್ಗಿಕೊಳ್ಳುತ್ತದೆ, ಹಿಂದಿರುಗಿಸುವ ದಿನ ಮುಗಿದುಹೋಗುತ್ತದೆ.

ಹೆಡ್‌ಫೋನ್‌ನ ಭಾಗಗಳಲ್ಲಿ ಮೊದಲು ಸಾಯುವುದು ಮೆತ್ತೆ. ನಮ್ಮ ಮಳೆಗಾಲದ ತೇವ, ಬೆವರು ಎರಡೂ ಕೃತಕ ಚರ್ಮದ ಶತ್ರುಗಳು. ನನ್ನದೊಂದು ಎಂಟೇ ತಿಂಗಳಲ್ಲಿ ಕಪ್ಪು ಹೊಟ್ಟಿನಂತೆ ಉದುರಿ, ಬದಲಿ ಮೆತ್ತೆ ಸಿಗದೆ ಮೂಲೆ ಸೇರಿತು. ಡ್ರೈವರ್ ಇನ್ನೂ ಚೆನ್ನಾಗಿಯೇ ಇದೆ, ಅದೇ ಸಂಕಟ. ಹಾಗಾಗಿ ಮೆತ್ತೆಯನ್ನು ಕೈಯಿಂದ ಬಿಡಿಸಲು ಬರುತ್ತದೆಯೇ, ಸಾಮಾನ್ಯ ಅಳತೆಯ ದುಂಡು ಅಥವಾ ಅಂಡಾಕಾರದಲ್ಲಿದೆಯೇ ಎಂದು ಮೊದಲೇ ಕೇಳಿ. ಹೊಸ ಮೆತ್ತೆ ಹಾಕಿದಾಗ ದಪ್ಪ ಬದಲಾದರೆ ಬಾಸೂ ಬದಲಾಗುತ್ತದೆ ಎನ್ನುವುದು ನೆನಪಿರಲಿ.

ಎರಡನೆಯದು ಮಡಚುವ ಕೀಲು ಮತ್ತು ತಲೆಪಟ್ಟಿ ಉದ್ದ ಮಾಡುವ ಜಾರುಪಟ್ಟಿ. ಪಟ್ಟಿಯನ್ನು ಎಳೆದಾಗ ಒಳಗೆ ಲೋಹ ಕಾಣಬೇಕು. ಬರಿಯ ಪ್ಲಾಸ್ಟಿಕ್ ಆಗಿದ್ದರೆ, ಚೀಲದಲ್ಲಿ ಬುತ್ತಿಯ ಕೆಳಗೆ ಸಿಕ್ಕಿದ ದಿನ ಬಿರುಕು ಬಿಡುತ್ತದೆ. ಮಡಚದೇ ಇರುವುದು ಸಿಕ್ಕರೆ ಇನ್ನೂ ಒಳ್ಳೆಯದು. ತಂತಿಯದಾದರೆ ಕಪ್‌ನಿಂದ ಬಿಡಿಸಬಹುದಾದ ತಂತಿ ಇರಲಿ, ಇಲ್ಲದಿದ್ದರೆ ತಂತಿ ಕಪ್ ಸೇರುವ ಜಾಗದಲ್ಲಿ ರಬ್ಬರಿನ ತೋಳು ಇರಲಿ. ಅಲ್ಲೇ ಒಳಗೆ ಬೆಸುಗೆ ಬಿಡುವುದು. ಬ್ಲೂಟೂತ್ ಆದರೆ ಬ್ಯಾಟರಿ ಒಂದು ದಿನ ಸೋಲುವುದು ಖಂಡಿತ, ಆಗಲೂ ಬಳಸಲು 3.5 ಮಿಲಿಮೀಟರ್ ಕಿಂಡಿ ಇರಬೇಕು. ಎಸ್‌ಬಿಸಿ, ಎಎಸಿ, ಎಲ್‌ಡಿಎಸಿ ಎಂಬ ಕೋಡೆಕ್‌ಗಳ (ಬ್ಲೂಟೂತ್‌ನಲ್ಲಿ ಸದ್ದನ್ನು ಅಡಕ ಮಾಡಿ ಕಳಿಸುವ ವಿಧಾನಗಳ) ಚರ್ಚೆಗೆ ಈ ಬೆಲೆಯಲ್ಲಿ ತಲೆ ಕೆಡಿಸಿಕೊಳ್ಳಬೇಡಿ, ಮೆತ್ತೆಯ ಸೋರಿಕೆಯಿಂದ ಆಗುವ ನಷ್ಟ ಅದಕ್ಕಿಂತ ಬಹಳ ದೊಡ್ಡದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಕಿವಿಯನ್ನು ಪೂರ್ತಿ ಸುತ್ತುವ, ಹಿಂಬದಿ ಮುಚ್ಚಿದ, 40 ಮಿಲಿಮೀಟರ್ ಡ್ರೈವರಿನ, ಮೆತ್ತೆ ಬದಲಿಸಬಹುದಾದ ತಂತಿಯ ಹೆಡ್‌ಫೋನ್ ಹುಡುಕುತ್ತೇನೆ. ಅದೇ ಹಣದಲ್ಲಿ ಬ್ಯಾಟರಿ, ಬ್ಲೂಟೂತ್ ಚಿಪ್‌ಗಳಿಗೆ ಹೋಗುವ ಪಾಲು ಸದ್ದಿಗೆ ಮತ್ತು ಮೆತ್ತೆಗೆ ಉಳಿಯುತ್ತದೆ. ಇಂಪಿಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) 32 ಓಮ್ ಆಸುಪಾಸಿನಲ್ಲಿದ್ದರೆ ಮೊಬೈಲೇ ಸಾಕು. ನಿಮ್ಮ ಮೊಬೈಲ್‌ನಲ್ಲಿ ಹೆಡ್‌ಫೋನ್ ಕಿಂಡಿ ಇಲ್ಲದಿದ್ದರೆ ಟೈಪ್-ಸಿಯಿಂದ 3.5ಕ್ಕೆ ಹೋಗುವ ಪುಟ್ಟ ಅಡಾಪ್ಟರ್ ಸೇರಿಸಿಕೊಳ್ಳಿ.

ಅಂಗಡಿಯ ಆ 50 ಮಿಲಿಮೀಟರಿನದನ್ನು ಬಿಟ್ಟೇಬಿಡಿ ಎನ್ನುತ್ತಿಲ್ಲ. ಕನ್ನಡಕದೊಂದಿಗೆ ಅಂಗೈ ಪರೀಕ್ಷೆ ಮತ್ತು ತನಿ ಆವರ್ತನದ ಪರೀಕ್ಷೆ ಮಾಡಿ ಬಂದು, ಕೇಳಿದ್ದನ್ನು ಹಾಗೆಯೇ ಇಲ್ಲಿ ಬರೆಯಿರಿ. ಮಾದರಿಯ ಹೆಸರು, ಮೆತ್ತೆಯ ಹೊರ ಅಳತೆ ಎಷ್ಟು ಮಿಲಿಮೀಟರ್ ಎನ್ನುವುದನ್ನೂ ತಿಳಿಸಿದರೆ ಅದಕ್ಕೆ ಬದಲಿ ಮೆತ್ತೆ ಸಿಗುತ್ತದೆಯೇ ಎಂದು ನಾನು ಹುಡುಕಿ ಹೇಳುತ್ತೇನೆ.