ಟಿಬಿ ಮಾತ್ರೆಗೆ ಚಂದಾ ಬೇಡ

ನಿಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರಿಗೆ ಟಿಬಿ ಬಂದಿದೆ, ಅವರ ಊರು ಬಿಹಾರ, ಬೆಂಗಳೂರಲ್ಲಿ ಸರ್ಕಾರಿ ಔಷಧಿ ಸಿಗುತ್ತಾ, ಇಲ್ಲ ಚಂದಾ ಎತ್ತಿ ಖಾಸಗಿಯಲ್ಲಿ ತೋರಿಸೋದಾ ಅಂತ ಕೇಳಿದ್ದೀರಿ. ಸಿಗುತ್ತದೆ. ಯಾವ ರಾಜ್ಯದವರಾದರೂ ಕಫ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್’ ಅಥವಾ ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ವಿಚಾರಿಸಿ.

ಪುಕ್ಕಟೆ ಅಂದರೆ ಕಳಪೆ ಅನ್ನೋ ಅನುಮಾನ ಸುಮ್ನೆ ಬೇಡ. ಸಾಮಾನ್ಯ ಟಿಬಿಗೆ ಖಾಸಗಿಯವರು ಬರೆಯುವುದೂ ಅವೇ ಔಷಧಿ. ಮೊದಲ 2 ತಿಂಗಳು ನಾಲ್ಕು ಔಷಧಿ ಸೇರಿದ ಮಾತ್ರೆ, ಆಮೇಲೆ 4 ತಿಂಗಳು ಮೂರರದ್ದು. ದಿನಕ್ಕೆಷ್ಟು ಅನ್ನೋದು ತೂಕದ ಮೇಲೆ. ಇದರಲ್ಲಿರುವ ರಿಫಾಂಪಿಸಿನ್ ಅನ್ನೋ ಔಷಧಿಯಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡಿ ಅಂತ ಮೊದಲೇ ಹೇಳಿಡಿ. ಆದರೆ ಕಣ್ಣು ಹಳದಿಯಾದರೆ ಅವತ್ತೇ ಡಾಕ್ಟರಿಗೆ ತೋರಿಸಬೇಕು.

ನಿಜವಾದ ಪೀಕಲಾಟ ಆಮೇಲೆ. ಕೆಲವೇ ವಾರದಲ್ಲಿ ಕೆಮ್ಮು ಕಡಿಮೆಯಾಗುತ್ತದೆ, ವಾಸಿಯಾಯ್ತು ಅಂತ ಎಷ್ಟೋ ಜನ ಮಾತ್ರೆ ಬಿಟ್ಟುಬಿಡುತ್ತಾರೆ. ಅಲ್ಲಿಂದಲೇ ಔಷಧಿಗೆ ಬಗ್ಗದ ಟಿಬಿ ಶುರು. ನಡುವೆ ಊರಿಗೆ ಹೋಗುವುದಾದರೆ ಕ್ಲಿನಿಕ್‌ನಲ್ಲಿ ಹೇಳಿಯೇ ಹೋಗಲಿ, ನಿಕ್ಷಯ್ (ಟಿಬಿ ರೋಗಿಗಳ ಸರ್ಕಾರಿ ಆನ್‌ಲೈನ್ ವ್ಯವಸ್ಥೆ) ದಾಖಲೆಯನ್ನು ಅಲ್ಲಿಗೆ ವರ್ಗ ಮಾಡುತ್ತಾರೆ. ಊಟಕ್ಕೆಂದು ಸರ್ಕಾರದಿಂದ ತಿಂಗಳಿಗೆ 1000 ರೂಪಾಯಿ ಅವರ ಬ್ಯಾಂಕ್ ಖಾತೆಗೆ ಬರಬೇಕು. 2024ರ ನವೆಂಬರ್‌ಗೆ ಮುಂಚೆ 500 ಇತ್ತು. ಈಗಿನದೂ ಜಾಸ್ತಿಯೇನಲ್ಲ ಬಿಡಿ.

ಚಂದಾ ಎತ್ತಲೇಬೇಕು ಅಂದರೆ ರಜೆ ದಿನಗಳ ಸಂಬಳಕ್ಕೆ ಎತ್ತಿ. ರೂಮಿನಲ್ಲಿ ಜೊತೆಗಿರುವವರನ್ನೂ ಪರೀಕ್ಷೆಗೆ ಕಳಿಸಿ.