ಬ್ರೆಜಿಲ್‌ನ ರೆಗ್ಗೆ (ಜಮೈಕಾ ಮೂಲದ ಸಂಗೀತ ಶೈಲಿ) ತಂಡ ‘ಟ್ರಿಬೊ ಡಿ ಜಾ’ ಹುಟ್ಟಿದ್ದು ಹೇಗೆ? ಅದರ ಸಂಗೀತದ ಮೇಲೆ ಯಾವ ಪ್ರಭಾವಗಳಿವೆ?

ಈ ತಂಡ 1980ರ ದಶಕದ ಮಧ್ಯಭಾಗದಲ್ಲಿ, ಈಶಾನ್ಯ ಬ್ರೆಜಿಲ್‌ನ ಮರಾನ್ಯಾವೊ ರಾಜ್ಯದ ರಾಜಧಾನಿ ಸಾವ್ ಲೂಯಿಸ್‌ನಲ್ಲಿ ರೂಪುಗೊಂಡಿತು. ಅಲ್ಲಿನ ಅಂಧರ ಶಾಲೆಯಲ್ಲಿ ಪರಿಚಿತರಾಗಿ, ಒಟ್ಟಿಗೆ ನುಡಿಸುತ್ತ ಬೆಳೆದ ದೃಷ್ಟಿದೋಷವುಳ್ಳ ವಾದಕರೇ ತಂಡದ ಮೂಲ ಸದಸ್ಯರು. ರೇಡಿಯೊದಲ್ಲಿ ರೆಗ್ಗೆ ಕಾರ್ಯಕ್ರಮ ನಡೆಸುತ್ತಿದ್ದ ಫೌಜಿ ಬೇಡೌನ್ ಈ ವಾದಕರ ಜೊತೆ ಸೇರಿಕೊಂಡು ಮುಖ್ಯ ಗಾಯಕರೂ ಗೀತರಚನಕಾರರೂ ಆದರು.

ತಂಡದ ಸಂಗೀತಕ್ಕೆ ತಳಹದಿ 1970ರ ದಶಕದ ಜಮೈಕಾದ ‘ರೂಟ್ಸ್’ ರೆಗ್ಗೆ: ನಿಧಾನಗತಿಯ ಲಯ, ಮುಂದೆ ನಿಲ್ಲುವ ಬೇಸ್ ಗಿಟಾರ್, ರಸ್ತಫಾರಿ (ಜಮೈಕಾದಲ್ಲಿ ಹುಟ್ಟಿದ ಧಾರ್ಮಿಕ ಚಳವಳಿ) ಚಿಂತನೆ ಮತ್ತು ಸಾಮಾಜಿಕ ನ್ಯಾಯದ ಕುರಿತ ಸಾಹಿತ್ಯ. ಆದರೆ ಅಷ್ಟನ್ನೇ ಹೇಳಿದರೆ ಆ ಊರಿಗೆ ಅನ್ಯಾಯವಾಗುತ್ತದೆ. ‘ಬ್ರೆಜಿಲ್‌ನ ಜಮೈಕಾ’ ಎಂದೇ ಹೆಸರಾದ ಸಾವ್ ಲೂಯಿಸ್‌ನಲ್ಲಿ, ‘ರೇಡಿಯೊಲಾ’ ಎಂಬ ಗೋಡೆಯೆತ್ತರದ ಧ್ವನಿವರ್ಧಕ ವ್ಯವಸ್ಥೆಗಳು ಬಡ ಬಡಾವಣೆಗಳ ಜನರಿಗೆ ಜಮೈಕಾದ ಹಾಡುಗಳನ್ನು ಕೇಳಿಸುತ್ತಿದ್ದವು. ಜನರು ಅವಕ್ಕೆ, ಬೇರೆಡೆ ಅಷ್ಟಾಗಿ ಕಾಣದಂತೆ, ಜೋಡಿಯಾಗಿ ಅಪ್ಪಿಕೊಂಡು ನರ್ತಿಸುತ್ತಿದ್ದರು. ಆಫ್ರಿಕನ್ ಮೂಲದ ‘ತಂಬೋರ್ ಡಿ ಕ್ರಿಯೋಲಾ’ದಂಥ ಡೋಲು ಪರಂಪರೆಗಳು ಜೀವಂತವಾಗಿದ್ದ ಆ ನೆಲದಲ್ಲಿ ರೆಗ್ಗೆ ಪರಕೀಯವೆನಿಸಲಿಲ್ಲ. ಇಂಗ್ಲಿಷ್ ತಿಳಿಯದೆಯೂ ರೆಗ್ಗೆಯನ್ನು ಪ್ರೀತಿಸಿದ್ದ ಇಂಥ ಕೇಳುಗರಿಗೆ ಅದನ್ನು ಪೋರ್ಚುಗೀಸ್ ಭಾಷೆಯಲ್ಲಿ ಹಾಡಿ ತಲುಪಿಸಿದ್ದೇ ಈ ತಂಡದ ಬಹುದೊಡ್ಡ ಕೊಡುಗೆಯೆಂದು ನಾನು ಭಾವಿಸುತ್ತೇನೆ.