ಮ್ಯೂನಿಕ್‌ನಲ್ಲಿ ಪೊಲೀಸರು ಎಡವಿದ್ದು ಎಲ್ಲಿ?

‘1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಒತ್ತೆಯಾಳಾಗಿದ್ದ ಇಸ್ರೇಲಿಗಳಲ್ಲಿ ಒಬ್ಬರನ್ನೂ ಪೊಲೀಸರು ಉಳಿಸಿಕೊಳ್ಳಲಿಲ್ಲವೇಕೆ? ಸೆರೆಸಿಕ್ಕವರಿಗೆ ಏನು ಶಿಕ್ಷೆಯಾಯಿತು?’ ಎಂದು ಕೇಳಿದ್ದೀರಿ.

ನಾನು ಹಾಸನದಲ್ಲಿ ಪೊಲೀಸ್ ಕೆಲಸ ಮಾಡಿ ನಿವೃತ್ತನಾದವನು. ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ಬಂದೋಬಸ್ತಿಗೆ ನಿಂತವರಿಗೆ ಈ ಪ್ರಕರಣ ಓದಿದರೆ ಮೈಯೆಲ್ಲ ಉರಿಯುತ್ತದೆ.

ಮೊದಲನೆಯದಾಗಿ, ಅಲ್ಲಿ ಭದ್ರತೆ ಎಂಬುದೇ ತೆಳುವಾಗಿತ್ತು, ಅದೂ ಬೇಕೆಂದೇ. 1936ರಲ್ಲಿ ಹಿಟ್ಲರ್ ನಡೆಸಿದ ಬರ್ಲಿನ್ ಒಲಿಂಪಿಕ್ಸ್‌ನ ನೆನಪನ್ನು ಅಳಿಸಬೇಕೆಂದು ಪಶ್ಚಿಮ ಜರ್ಮನಿ ಬಂದೂಕು ಕಾಣದಂತೆ ಕ್ರೀಡಾಕೂಟ ನಡೆಸಲು ಹೊರಟಿತ್ತು. ಕ್ರೀಡಾಗ್ರಾಮದ ಕಾವಲುಗಾರರು ತಿಳಿನೀಲಿ ಉಡುಪಿನ ನಿರಾಯುಧರು. ಸೆಪ್ಟೆಂಬರ್ 5ರ ನಸುಕಿನಲ್ಲಿ ‘ಬ್ಲ್ಯಾಕ್ ಸೆಪ್ಟೆಂಬರ್’ ಸಂಘಟನೆಯ ಎಂಟು ಜನ ಪ್ಯಾಲೆಸ್ಟೀನಿಯರು ಕ್ರೀಡಾಪಟುಗಳ ವೇಷದಲ್ಲಿ, ಚೀಲದಲ್ಲಿ ರೈಫಲ್ ಇಟ್ಟುಕೊಂಡು ಬೇಲಿ ಹಾರಿದರು. ಎದುರಿಸಿ ನಿಂತ ಕುಸ್ತಿ ತರಬೇತುದಾರ ಮೋಶೆ ವೈನ್‌ಬರ್ಗ್ ಮತ್ತು ವೇಟ್‌ಲಿಫ್ಟರ್ ಯೋಸೆಫ್ ರೊಮಾನೋ ಅವರನ್ನು ಕೊಂದು, ಒಂಬತ್ತು ಜನರನ್ನು ಹಿಡಿದಿಟ್ಟುಕೊಂಡರು. ನಮ್ಮ ನೆರೆಯ ಕೊಡಗಿನ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ ಅವರೂ ಭಾರತದ ಹಾಕಿ ತಂಡದ ಆಟಗಾರರಾಗಿ ಅದೇ ಕೂಟಕ್ಕೆ ಹೋಗಿದ್ದರು.

ಹಗಲಿನಲ್ಲಿ ಪೊಲೀಸರು ಟ್ರ್ಯಾಕ್‌ಸೂಟ್ ಹಾಕಿಕೊಂಡು ಕಟ್ಟಡದ ಮೇಲೆ ಹತ್ತಿದರು. ಅದನ್ನು ಟಿವಿ ಕ್ಯಾಮೆರಾಗಳು ನೇರಪ್ರಸಾರ ಮಾಡುತ್ತಿದ್ದವು; ಒಳಗಿದ್ದವರ ಕೋಣೆಯಲ್ಲೂ ಟಿವಿ ಇತ್ತು. ಕರೆಂಟ್ ತೆಗೆಸಬೇಕೆಂಬುದೂ ಯಾರಿಗೂ ಹೊಳೆಯಲಿಲ್ಲವೆಂದರೆ ಏನು ಹೇಳುವುದು?

ನಿಜವಾದ ಅನಾಹುತ ಆದದ್ದು ರಾತ್ರಿ, ಫರ್ಸ್ಟೆನ್‌ಫೆಲ್ಡ್‌ಬ್ರುಕ್ ವಾಯುನೆಲೆಯಲ್ಲಿ. ದಾಳಿಕೋರರು ಒತ್ತೆಯಾಳುಗಳ ಸಮೇತ ದೇಶ ಬಿಡಲು ವಿಮಾನ ಕೇಳಿದ್ದರು; ಒಪ್ಪಿದಂತೆ ನಟಿಸಿ, ಎಲ್ಲರನ್ನೂ ಹೆಲಿಕಾಪ್ಟರ್‌ಗಳಲ್ಲಿ ಅಲ್ಲಿಗೆ ಕರೆತಂದು ದಾಳಿಕೋರರನ್ನು ಹೊಡೆಯುವುದು ಪೊಲೀಸರ ಯೋಜನೆ. ದಾಳಿಕೋರರು ನಾಲ್ಕೈದು ಜನ ಇರಬಹುದೆಂಬ ಅಂದಾಜಿನ ಮೇಲೆ ಗುರಿಕಾರರನ್ನು ನಿಲ್ಲಿಸಿದ್ದು ಐದೇ ಜನ. ಹೆಲಿಕಾಪ್ಟರ್ ಹತ್ತುವಾಗ ತಲೆ ಎಣಿಸಿದರೆ ಎಂಟು. ಆ ಲೆಕ್ಕ ಗುರಿಕಾರರಿಗೆ ಮುಟ್ಟಲೇ ಇಲ್ಲ, ಏಕೆಂದರೆ ಅವರ ಕೈಯಲ್ಲಿ ವೈರ್‌ಲೆಸ್ ಇರಲಿಲ್ಲ. ಕತ್ತಲಲ್ಲಿ ಕಾಣುವ ದುರ್ಬೀನೂ ಇಲ್ಲ, ಆ ಕೆಲಸಕ್ಕೆ ಬೇಕಾದ ವಿಶೇಷ ತರಬೇತಿಯೂ ಇಲ್ಲ. ವಿಮಾನದೊಳಗೆ ಸಿಬ್ಬಂದಿಯ ವೇಷದಲ್ಲಿ ಕಾದಿದ್ದ ಪೊಲೀಸರು, ಇದು ಸಾವಿಗೆ ಕೊರಳೊಡ್ಡಿದಂತೆ ಎಂದು ತಮ್ಮೊಳಗೇ ತೀರ್ಮಾನಿಸಿ ಕೊನೆಯ ಗಳಿಗೆಯಲ್ಲಿ ಇಳಿದು ಹೋದರು. ನಾನು ಅವರನ್ನು ಹೇಡಿಗಳೆನ್ನಲಾರೆ. ಅಂಥ ಯೋಜನೆ ಹಾಕಿದವರನ್ನು ಕೇಳಬೇಕು. ಶಸ್ತ್ರಸಜ್ಜಿತ ವಾಹನಗಳು ಬಂದದ್ದು ತಡವಾಗಿ. ಕೈಕಾಲು ಕಟ್ಟಿಸಿಕೊಂಡು ಹೆಲಿಕಾಪ್ಟರ್‌ಗಳಲ್ಲಿ ಕುಳಿತಿದ್ದ ಒಂಬತ್ತೂ ಜನ ಸತ್ತರು. ಒಬ್ಬ ಜರ್ಮನ್ ಪೊಲೀಸ್, ಐವರು ದಾಳಿಕೋರರೂ ಸತ್ತರು. ಇಷ್ಟರ ನಡುವೆ, ಒತ್ತೆಯಾಳುಗಳೆಲ್ಲ ಪಾರಾದರೆಂಬ ಸುಳ್ಳು ಸುದ್ದಿ ಬೇರೆ ಜಗತ್ತಿಗೆಲ್ಲ ಹಬ್ಬಿತ್ತು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಬದುಕುಳಿದ ಮೂವರ ಮೇಲೆ ವಿಚಾರಣೆಯೇ ನಡೆಯಲಿಲ್ಲ. ಅದೇ ಅಕ್ಟೋಬರ್ 29ರಂದು ಲುಫ್ತಾನ್ಸಾ ವಿಮಾನವೊಂದು ಅಪಹರಣವಾಯಿತು. ಅಪಹರಣಕಾರರ ಬೇಡಿಕೆಗೆ ಮಣಿದು ಜರ್ಮನಿ ಆ ಮೂವರನ್ನು ಬಿಟ್ಟು ಕಳಿಸಿತು. ಇಂಥ ಕಾರ್ಯಾಚರಣೆಗೆಂದೇ ಜಿಎಸ್‌ಜಿ-9 ಎಂಬ ವಿಶೇಷ ಪಡೆ ಕಟ್ಟಲು ಜರ್ಮನರು ಅಷ್ಟರಲ್ಲಾಗಲೇ ಆದೇಶ ಹೊರಡಿಸಿದ್ದರು. ಸತ್ತವರ ಮನೆಯವರಿಗೆ ಒಪ್ಪಿಗೆಯಾಗುವ ಪರಿಹಾರ ಸಿಕ್ಕಿ, ಜರ್ಮನಿಯ ಅಧ್ಯಕ್ಷರು ಕ್ಷಮೆ ಕೇಳಿದ್ದು 2022ರಲ್ಲಿ.